ಕರಾವಳಿಗೆ ಹೊರಟ ತುಮಕೂರಿನ ಹುಡುಗ ಹುಡುಗಿಯರಿಗೆ

ಮಳೆಗಾಲದಲ್ಲಿ ಟಿವಿಯಲ್ಲಿ ಕರಾವಳಿಯ ನೆರೆ ನೋಡಿ ನಮ್ಮ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಮಕ್ಕಳು "ಸಾರ್, ಸಹಾಯಕ್ಕೆ ಉಡುಪಿ ಕಡೆ ಹೋಗೋಣ" ಅನ್ನುತ್ತಾರೆ. ಹೋಗೋಣ, ಆದರೆ ಏಪ್ರಿಲ್‌ನಲ್ಲಿ. ತೌಕ್ತೆ ಚಂಡಮಾರುತ 2021ರ ಮೇ ತಿಂಗಳಲ್ಲೇ ಬಂದಿತ್ತು. ಜುಲೈನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ನೀವು ತಲುಪುವುದೇ ಕಷ್ಟ.

ಊರು ಮುಟ್ಟಿದ ಕೂಡಲೇ ಗ್ರಾಮ ಪಂಚಾಯಿತಿಗೆ ಹೋಗಿ. ಆಮೇಲೆ ಆಶಾ ಕಾರ್ಯಕರ್ತೆ, ಮೀನುಗಾರರ ಹಿರಿಯರು. ಕಡಲು ಯಾವ ಕಡೆಯಿಂದ ಏರುತ್ತದೆ, ಯಾವ ರಸ್ತೆ ಮೊದಲು ಮುಳುಗುತ್ತದೆ ಎಂದು ಅವರಿಗೇ ಗೊತ್ತು. ಕೇಳಿ, ಬರೆದುಕೊಳ್ಳಿ.

ನಿಮ್ಮ ದೊಡ್ಡ ಕೆಲಸ ಮನೆ ಮನೆಯ ಪಟ್ಟಿ. ಮೊಬೈಲ್ ಬೇಡ, ನೋಟ್‌ಬುಕ್ಕಿನಲ್ಲೇ ಬರೆಯಿರಿ. ಮಳೆಯಲ್ಲಿ ಕರೆಂಟೂ ಹೋಗುತ್ತದೆ, ನೆಟ್‌ವರ್ಕೂ ಹೋಗುತ್ತದೆ. ಹಾಸಿಗೆ ಹಿಡಿದವರು ಯಾರು? ತುಂಬು ಗರ್ಭಿಣಿ ಇದ್ದಾರಾ? ಇನ್ಸುಲಿನ್ ಯಾರಿಗೆ ಬೇಕು? ಕಿವಿ ಕೇಳದವರಿಗೆ ಮೈಕಿನ ಎಚ್ಚರಿಕೆ ಮುಟ್ಟುವುದಿಲ್ಲ, ಅವರ ಬಾಗಿಲು ಬಡಿಯುವವರು ಯಾರು? ಪ್ರತಿ ಹೆಸರಿನ ಮುಂದೆ ಪಕ್ಕದ ಮನೆಯ ಒಬ್ಬರ ಹೆಸರು ಇರಲೇಬೇಕು. ಆ ಜಾಗ ಖಾಲಿ ಬಿಟ್ಟು ಮುಂದಿನ ಮನೆಗೆ ಹೋಗಬೇಡಿ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಮಾತ್ರೆ ಚೀಟಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕೈಗೆ ಸಿಗುವಲ್ಲಿ ಇಡಿಸಿ.

ರೆಡ್ ಅಲರ್ಟ್ ಅಂದರೆ ಒಂದು ದಿನಕ್ಕೆ 204.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಮಳೆ ಬೀಳಬಹುದು ಎಂಬ ಹವಾಮಾನ ಇಲಾಖೆಯ ಎಚ್ಚರಿಕೆ. ನಮ್ಮ ಜಿಲ್ಲೆಗೆ ವರ್ಷವಿಡೀ ಬೀಳುವ ಮಳೆಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಒಂದೇ ದಿನಕ್ಕೆ! ಬಾವಿಯಲ್ಲಿ ಈಜು ಕಲಿತಿದ್ದೀರಿ, ಸಂತೋಷ. ಆದರೆ ಅರ್ಧ ಅಡಿ ರಭಸದ ನೀರೂ ಆಳನ್ನು ಬೀಳಿಸುತ್ತದೆ. ನೀರಿಗೆ ಇಳಿಯಬೇಡಿ, ಸಿಕ್ಕಿಕೊಂಡವರಿಗೆ ಹಗ್ಗ ಎಸೆಯಿರಿ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಸ್ವಲ್ಪ ನೀರು ಹಾಕಿ, ಮುಚ್ಚಳ ಬಿಗಿಮಾಡಿ, ಹಿಡಿಗೆ ನೈಲಾನ್ ಹಗ್ಗ ಕಟ್ಟಿ. ಒಳಗಿನ ನೀರಿನ ಭಾರಕ್ಕೆ ಅದು ದೂರ ಹೋಗುತ್ತದೆ, ತೇಲುತ್ತದೆ ಕೂಡ. ಎಳೆಯುವಾಗ ನೆಲಕ್ಕೆ ಮಲಗಿ, ಇಲ್ಲದಿದ್ದರೆ ನಿಮ್ಮನ್ನೇ ಒಳಗೆ ಎಳೆಯುತ್ತದೆ. ಹೊರಡುವ ಮುಂಚೆ ಇಲ್ಲೇ ಮೈದಾನದಲ್ಲಿ ಗುರಿ ಇಟ್ಟು ಎಸೆದು ಕೈ ಪಳಗಿಸಿಕೊಳ್ಳಿ.

ಮಳೆ ಬಂದಾಗ ಪ್ರೀತಿಯಿಂದ ರಾಗಿ ಹಿಟ್ಟು ಕಳಿಸುತ್ತೇವೆ. ಅಲ್ಲಿನವರ ಊಟ ಕುಚ್ಚಲಕ್ಕಿ ಗಂಜಿ, ಅಲ್ವಾ? ಅದನ್ನೇ ಕಳಿಸಿ. ಹಳೇ ಬಟ್ಟೆಯ ಮೂಟೆ ದಯವಿಟ್ಟು ಬೇಡ. ಹೊಸ ಒಳಉಡುಪು, ಪ್ಯಾಡು, ಟಾರ್ಚು, ಸೋಪು ಬೇಕು. ನೆರೆ ನೀರು ನುಗ್ಗಿದ ಬಾವಿಯ ನೀರನ್ನು ಯಾರೂ ಹಾಗೇ ಕುಡಿಯಬಾರದು. ಕ್ಲೋರಿನ್ ಹಾಕಿಸುವುದು ಆರೋಗ್ಯ ಸಿಬ್ಬಂದಿಯ ಕೆಲಸ, ಕುದಿಸಿ ಕುಡಿಯಿರಿ ಎಂದು ಮನೆಮನೆಗೆ ಹೇಳುವುದು ನಿಮ್ಮದು. ಕೆಸರಲ್ಲಿ ಓಡಾಡಿದವರಿಗೆ ಜ್ವರ ಬಂದರೆ ಇಲಿ ಜ್ವರ ಇರಬಹುದು. ಬರೀ ಪ್ಯಾರಾಸಿಟಮಾಲ್ ಕೊಟ್ಟು ಕೂರಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ವಾಪಸು ಬರುವ ಮುಂಚೆ ಪಟ್ಟಿಯ ಒಂದು ಪ್ರತಿ ಪಂಚಾಯಿತಿಗೆ, ಒಂದು ಆಶಾ ಅಕ್ಕನಿಗೆ ಕೊಡಿ, ಒಂದು ನಿಮ್ಮಲ್ಲಿರಲಿ. ತುರ್ತು ಸಹಾಯದ 112, ಜಿಲ್ಲಾ ವಿಪತ್ತು ಸಹಾಯವಾಣಿಯ 1077 ನಂಬರುಗಳನ್ನು ಪ್ರತಿ ಮನೆಯ ಗೋಡೆಗೆ ಅಂಟಿಸಿ. ರೆಡ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಆರೆಂಜ್ ಅಲರ್ಟ್ ಬಂದ ದಿನವೇ ತುಮಕೂರಿನಿಂದ ಅವರಿಗೆ ಫೋನ್ ಮಾಡಿ, ಪಟ್ಟಿಯ ಒಂದೊಂದೇ ಹೆಸರು ಓದಿ, ಅವರನ್ನು ಕರೆದೊಯ್ಯಲು ಯಾರು ಹೋಗಿದ್ದಾರೆ ಎಂದು ಕೇಳಿ.