ಒಂದೇ ಸ್ಕೂಪಿನ ಪೆಪ್ಪರ್‌ಮಿಂಟ್ ಮಿಲ್ಕ್‌ಶೇಕ್

ಡಿಸೆಂಬರ್ ಬಂತೆಂದರೆ ಅಮೆರಿಕದ ಶೇಕ್ ಅಂಗಡಿಗಳ ಬೋರ್ಡಿಗೆ ಪೆಪ್ಪರ್‌ಮಿಂಟ್ ಹತ್ತುತ್ತೆ, ಹೊಸ ವರ್ಷ ಕಳೆದ ಮೇಲೆ ಇಳಿಯುತ್ತೆ. ದೊಡ್ಡ ಗ್ಲಾಸಿಗೆ ಐದಾರು ಡಾಲರ್, ಒಳಗೆ ಆರುನೂರರಿಂದ ಎಂಟುನೂರು ಕ್ಯಾಲೊರಿ. ನಾನು ಈಗ ಮನೆಯಲ್ಲಿ ಮಾಡುವುದು ಗ್ಲಾಸಿಗೆ 260ರ ಆಸುಪಾಸು, ಖರ್ಚು ಒಂದೂಕಾಲು ಡಾಲರ್. "ಮೂರು ಸ್ಕೂಪ್ ಐಸ್‌ಕ್ರೀಮ್ ಬೀಳದಿದ್ದರೆ ಅದು ಶೇಕ್ ಅಲ್ಲ ಕಣ್ರೀ, ತಣ್ಣಗಿನ ಹಾಲು" ಅಂದವರೇ ಈ ಸಲ ಎರಡನೇ ಗ್ಲಾಸ್ ಕೇಳಿದ್ದಾರೆ. ಅದಕ್ಕೇ ಬರೆಯಲು ಧೈರ್ಯ ಬಂತು.

ಪುದೀನ ಸೊಪ್ಪಿನಿಂದ ಇದಾಗಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೀನಿ. ನಮ್ಮ ಕಟ್ಟಿನ ಪುದೀನ ಹೆಚ್ಚುಪಾಲು ಸ್ಪಿಯರ್‌ಮಿಂಟ್ ಜಾತಿ, ಅದರ ಘಮ ಕಾರ್ವೋನ್ ಅನ್ನುವ ರಾಸಾಯನಿಕದ್ದು. ಪೆಪ್ಪರ್‌ಮಿಂಟಿನ ತಂಪು ಮೆಂಥಾಲ್‌ದು. ಬಿಸಿ ಹಾಲಲ್ಲಿ ಒಂದು ಹಿಡಿ ಸೊಪ್ಪು ನೆನೆಸಿ, ಸೋಸಿ ಮಾಡಿದ್ದು ಚಟ್ನಿ ಜಾರು ತೊಳೆದ ನೀರಿನ ಹಾಗಿತ್ತು. ಅಂಗಡಿಯಲ್ಲಿ ಎಕ್ಸ್‌ಟ್ರಾಕ್ಟ್ (ಘಮಕ್ಕೆ ಹಾಕುವ ಸತ್ವ) ಬಾಟಲಿ ಕೊಳ್ಳುವಾಗಲೂ 'ಪೆಪ್ಪರ್‌ಮಿಂಟ್' ಅಂತ ಪೂರ್ತಿ ಬರೆದಿರುವುದನ್ನೇ ನೋಡಿ ತಗೊಳ್ಳಿ. ಬರೀ 'ಮಿಂಟ್' ಅಂದರೆ ಸಾಮಾನ್ಯವಾಗಿ ಸ್ಪಿಯರ್‌ಮಿಂಟ್ ಬೆರೆತಿರುತ್ತೆ. (ಊರಲ್ಲಿ ಗಾಜಿನ ಬರಣಿಯಲ್ಲಿದ್ದ ಮಿಠಾಯಿಗೆಲ್ಲ ಪೆಪ್ಪರ್‌ಮೆಂಟು ಅಂತಲೇ ಹೆಸರಿತ್ತು, ಕಿತ್ತಳೆ ಹಣ್ಣಿನ ರುಚಿಯದ್ದಕ್ಕೂ!)

ಸುಮಾರು ನಲವತ್ತು ಡಾಲರ್ ಸಿಂಕಿಗೆ ಹರಿದ ಮೇಲೆ ಅರ್ಥವಾದದ್ದು ಇಷ್ಟು: ತೊಂದರೆ ಇರುವುದು ದಪ್ಪದಲ್ಲಿ ಅಲ್ಲ, ಕೊಬ್ಬಿನಲ್ಲಿ. ಮೆಂಥಾಲ್ ಕೊಬ್ಬಿನಲ್ಲಿ ಕರಗುತ್ತೆ, ನೀರಿನಲ್ಲಿ ಅಷ್ಟಾಗಿ ಕರಗಲ್ಲ. ಮೂರು ಸ್ಕೂಪ್ ಐಸ್‌ಕ್ರೀಮಿನ ಕೊಬ್ಬು ಅದನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತೆ. ಕೊಬ್ಬೆಲ್ಲ ತೆಗೆದು ಸ್ಕಿಮ್ ಹಾಲಲ್ಲಿ, ಮೂರು ಸ್ಕೂಪಿಗೆ ಹಾಕುವ ಅದೇ ಅರ್ಧ ಟೀಸ್ಪೂನ್ ಎಕ್ಸ್‌ಟ್ರಾಕ್ಟ್ ಹಾಕಿದರೆ ಮೂಗಿಗೇ ಹೊಡೆಯುತ್ತೆ, ಬಾಯಲ್ಲಿ ಟೂತ್‌ಪೇಸ್ಟ್. 'ಲೈಟ್' ಅಂತ ಹೊರಟವರೆಲ್ಲ ಮುಗ್ಗರಿಸುವುದು ಇಲ್ಲೇ. ಐಸ್‌ಕ್ರೀಮ್ ಕಡಿಮೆ ಮಾಡುತ್ತಾರೆ, ಎಕ್ಸ್‌ಟ್ರಾಕ್ಟ್ ಮಾತ್ರ ಹಳೇ ಅಳತೆಯಲ್ಲೇ ಸುರಿಯುತ್ತಾರೆ. ನಾನು ಎರಡು ಗ್ಲಾಸಿಗೆ ಅರೆಕಾಲು (1/8) ಟೀಸ್ಪೂನ್ ದಾಟಲ್ಲ, ಜೊತೆಗೆ ಒಂದು ಸ್ಕೂಪ್ ಅಸಲಿ ಐಸ್‌ಕ್ರೀಮ್ ಬಿಡಲ್ಲ. ಒಂದು ಔನ್ಸಿನ ಬಾಟಲಿ ಆರು ಟೀಸ್ಪೂನ್, ಅಂದರೆ 48 ಸಲಕ್ಕೆ ಬರುತ್ತೆ. ಬೆಲೆ ಐದಾರು ಡಾಲರ್ ಆದರೂ ಗ್ಲಾಸಿನ ಲೆಕ್ಕದಲ್ಲಿ ಏನೂ ಅಲ್ಲ.

ಉಳಿತಾಯ ಅಂತ ಒಮ್ಮೆ ಪೆಪ್ಪರ್‌ಮಿಂಟ್ ಎಣ್ಣೆ ತಂದೆ. ತಿನ್ನುವ ದರ್ಜೆಯದ್ದೇ, ಆದರೆ ಎಕ್ಸ್‌ಟ್ರಾಕ್ಟಿಗಿಂತ ಮೂರು ನಾಲ್ಕು ಪಟ್ಟು ಖಡಕ್. ಎಕ್ಸ್‌ಟ್ರಾಕ್ಟಿನಲ್ಲಿ ಆಲ್ಕೊಹಾಲ್ ಇರುವುದರಿಂದ ಹಾಲಲ್ಲಿ ಹರಡಿಕೊಳ್ಳುತ್ತೆ. ಬರೀ ಎಣ್ಣೆ ತಣ್ಣನೆ ಹಾಲಲ್ಲಿ ಹನಿಹನಿಯಾಗಿ ತೇಲಿತು. ಒಂದು ಗುಟುಕು ಸಪ್ಪೆ, ಮುಂದಿನ ಗುಟುಕಿಗೆ ಕಣ್ಣಲ್ಲಿ ನೀರು. ಆಲ್ಕೊಹಾಲ್ ಬೇಡದ ಮನೆಯವರು ಎಣ್ಣೆಯನ್ನೇ ಬಳಸುವುದಾದರೆ ಒಂದೇ ಹನಿ, ಅದನ್ನು ಮೊದಲು ಸಕ್ಕರೆಯಲ್ಲಿ ಉಜ್ಜಿಕೊಳ್ಳಬೇಕು.

ಈಗ ದಪ್ಪದ ವಿಷಯ. ಸ್ಕೂಪ್ ಕಡಿಮೆಯಾದ ಜಾಗಕ್ಕೆ ಐಸ್ ಹಾಕಿದರೆ ನೀರಾಗುತ್ತೆ, ಬರೀ ಹಾಲನ್ನು ಟ್ರೇಯಲ್ಲಿ ಹೆಪ್ಪುಗಟ್ಟಿಸಿದರೆ ಕಲ್ಲಾಗುತ್ತೆ, ಅರೆದರೂ ನಾಲಿಗೆಗೆ ಮರಳು ಮರಳು. ಹಾಲಿನ ಕ್ಯೂಬಿಗೆ ಘನಾಂಶವೂ ಬೇಕು, ಹೆಪ್ಪು ಸಡಿಲಿಸಲು ಸಿಹಿಯೂ ಬೇಕು. ಎರಡು ಗ್ಲಾಸಿಗೆ ನನ್ನ ಅಳತೆ ಇದು: 2% ಕೊಬ್ಬಿನ ಹಾಲು 300 ಮಿ.ಲೀ., ಸ್ಕಿಮ್ ಹಾಲಿನ ಪುಡಿ ಮೂರು ಟೇಬಲ್‌ಸ್ಪೂನ್, ಸಕ್ಕರೆ ಒಂದು, ಅಲ್ಯುಲೋಸ್ (ಕ್ಯಾಲೊರಿ ಕಡಿಮೆಯ ಸಕ್ಕರೆ) ಒಂದು, ಕ್ಸಾಂಥನ್ ಗಮ್ (ದಪ್ಪ ಬರಿಸುವ ಪುಡಿ) ಅರೆಕಾಲು ಟೀಸ್ಪೂನ್, ಉಪ್ಪು ಒಂದು ಚಿಟಿಕೆ. ಅಲ್ಯುಲೋಸ್ ಪ್ಯಾಕೆಟ್ ಹತ್ತು ಡಾಲರ್ ಹತ್ತಿರ, ಹೌದು, ದುಬಾರಿ. ಆದರೆ ಕ್ಯಾಲೊರಿ ಸಕ್ಕರೆಯ ಹತ್ತನೇ ಒಂದು ಭಾಗ, ಸಿಹಿ ಮುಕ್ಕಾಲಿಗೆ ಸ್ವಲ್ಪ ಕಡಿಮೆ, ಮತ್ತು ಅದರ ಅಣು ಚಿಕ್ಕದಾದ್ದರಿಂದ ಅದೇ ತೂಕದ ಸಕ್ಕರೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹೆಪ್ಪನ್ನು ಸಡಿಲಿಸುತ್ತೆ. ಇನ್ನೊಂದು ಬದಲಿ ಸಿಹಿ, ಎರಿತ್ರಿಟಾಲ್, ಅಗ್ಗ ಅಂತ ಹಾಕಿದೆ, ಫ್ರೀಜರಿನಲ್ಲಿ ಮತ್ತೆ ಹರಳುಗಟ್ಟಿ ಹಲ್ಲಿಗೆ ಸಿಕ್ಕಿತು.

ಕ್ಸಾಂಥನ್ ಗಮ್ ಅನ್ನು ನೇರ ಹಾಲಿಗೆ ಉದುರಿಸಿದಿರೋ, ಮೀನಿನ ಕಣ್ಣಿನಂಥ ಗಂಟು. ಮೊದಲು ಒಣ ಸಕ್ಕರೆ, ಹಾಲಿನ ಪುಡಿಯ ಜೊತೆ ಬೆರೆಸಿ, ಆಮೇಲೆ ಉಗುರು ಬೆಚ್ಚಗಿನ ಹಾಲಿಗೆ ಕದಡುತ್ತಾ ಸುರಿಯಬೇಕು. ಕಾಲು ಟೀಸ್ಪೂನಿಗೆ ಏರಿಸಿದರೆ ಬೆಂಡೆಕಾಯಿ ಲೋಳೆ, ಸ್ಟ್ರಾ ಎತ್ತಿದರೆ ದಾರ ಬರುತ್ತೆ. ಟ್ರೇಗೆ ಸುರಿದು ರಾತ್ರಿಯಿಡೀ ಫ್ರೀಜರ್. ಈ ಕ್ಯೂಬಿಗೆ ನಾನು ಇನ್ನೂ ಒಂದು ವಸ್ತು ಹಾಕುತ್ತೀನಿ, ಅಡುಗೆಮನೆಯಲ್ಲಿ ಎಲ್ಲರ ಹತ್ತಿರವೂ ಇರುವಂಥದ್ದೇ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದಿಲ್ಲದೆಯೂ ಶೇಕ್ ಚೆನ್ನಾಗೇ ಬರುತ್ತೆ.

ಐಸ್‌ಕ್ರೀಮನ್ನು ಸ್ಕೂಪಿನಲ್ಲಿ ಅಳೆಯದೆ ತೂಕ ಮಾಡಿ, 65-70 ಗ್ರಾಂ. ಅಗ್ಗದ ಡಬ್ಬಗಳಲ್ಲಿ ಅರ್ಧ ಗಾಳಿ. ಅಮೆರಿಕದಲ್ಲಿ ಐಸ್‌ಕ್ರೀಮ್ ಅನ್ನುವ ಹೆಸರಿಗೆ ಕನಿಷ್ಠ 10% ಹಾಲಿನ ಕೊಬ್ಬು ಇರಬೇಕು. 'ಫ್ರೋಜನ್ ಡೈರಿ ಡೆಸರ್ಟ್' ಅಂತ ಬರೆದಿದ್ದರೆ ಅಲ್ಲೇ ಇಟ್ಟು ಬನ್ನಿ, ಇರುವ ಒಂದೇ ಸ್ಕೂಪಿನ ಕೆಲಸವೇ ಕೊಬ್ಬು ಒದಗಿಸುವುದು.

ಕ್ಯೂಬುಗಳನ್ನು ಐದಾರು ನಿಮಿಷ ಹೊರಗಿಡಿ, ಚಾಕುವಿನ ಮೊನೆ ಒತ್ತಿದರೆ ಬಿರಿಯಬೇಕು. ಜಾರಿಗೆ ಮೊದಲು 120 ಮಿ.ಲೀ. ತಣ್ಣನೆ ಹಾಲು, ಎಕ್ಸ್‌ಟ್ರಾಕ್ಟ್, ವೆನಿಲಾ ಅರ್ಧ ಟೀಸ್ಪೂನ್, ಅರ್ಧದಷ್ಟು ಕ್ಯೂಬು. ಪಲ್ಸ್ ಕೊಟ್ಟು ಕೊಟ್ಟು ಬಿಡಿ. ಉಳಿದ ಕ್ಯೂಬು ಹಾಕಿ ಮತ್ತೆ ಪಲ್ಸ್. ಐಸ್‌ಕ್ರೀಮ್ ಕೊನೆಗೆ, ಹತ್ತು ಸೆಕೆಂಡ್ ಸಾಕು. ಮೊದಲೇ ಹಾಕಿದರೆ ಬ್ಲೇಡಿನ ಬಿಸಿಗೆ ಕರಗಿ ಹೋಗುತ್ತೆ. ಒಂದು ಸೂಕ್ಷ್ಮ: ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತೆ. ಕ್ಯೂಬಿನ ಹಾಲು ಬೆಚ್ಚಗಿರುವಾಗ ರುಚಿ ನೋಡಿದರೆ ಸ್ವಲ್ಪ ಅತಿ ಅನ್ನಿಸಬೇಕು, ಆಗಲೇ ಸರಿ.

ಗುಲಾಬಿ ಬಣ್ಣಕ್ಕೆ ಬೀಟ್‌ರೂಟ್ ತುರಿದು ಹಿಂಡಿದ ರಸ ಕಾಲು ಟೀಸ್ಪೂನ್. ತಣ್ಣನೆ ಹಾಲಲ್ಲಿ ಬಣ್ಣ ಚೆನ್ನಾಗಿ ನಿಲ್ಲುತ್ತೆ. ಅರ್ಧಕ್ಕೆ ಏರಿದರೆ ಮಣ್ಣಿನ ವಾಸನೆ, ಪೆಪ್ಪರ್‌ಮಿಂಟ್ ಕೂಡ ಅದನ್ನು ಮುಚ್ಚಲಾರದು.

ಕ್ಯಾಂಡಿ ಕೇನ್ (ಕೊಕ್ಕೆ ಆಕಾರದ ಪೆಪ್ಪರ್‌ಮಿಂಟ್ ಮಿಠಾಯಿ ಕಡ್ಡಿ) ಒಂದು, 50 ಕ್ಯಾಲೊರಿ ಆಗಬಹುದು, ಎರಡು ಗ್ಲಾಸಿಗೆ. ಜಾರಿನೊಳಗೆ ಹಾಕಬೇಡಿ, ಕರಗಿ ಬರೀ ಸಿಹಿಯಾಗಿ ಉಳಿಯುತ್ತೆ. ಕವರಿನಲ್ಲೇ ಲಟ್ಟಣಿಗೆಯಿಂದ ಕುಟ್ಟಿ, ಚಹಾ ಜಾಲರಿಯಲ್ಲಿ ಜರಡಿ ಹಿಡಿದು ಪುಡಿ ಬೇರೆ ತೆಗೆದಿಟ್ಟು, ಸಾಸಿವೆ ಗಾತ್ರದ ಚೂರು ಮಾತ್ರ ಕುಡಿಯುವ ಹೊತ್ತಿಗೆ ಮೇಲೆ ಉದುರಿಸಿ. ಡಿಸೆಂಬರ್ 26ಕ್ಕೆ ಡಬ್ಬಗಳು ಅರ್ಧ ಬೆಲೆಗೆ ಇಳಿಯುತ್ತವೆ, ನಾನು ಕೊಳ್ಳುವುದು ಆಗಲೇ. ಗಾಳಿ ಸೇರಿದರೆ ಜಿಗುಟಾಗುತ್ತೆ, ಡಬ್ಬಿಯಲ್ಲಿ ಒಂದು ಹಿಡಿ ಅಕ್ಕಿ ಬಟ್ಟೆಗಂಟು ಕಟ್ಟಿ ಇಟ್ಟಿರಿ.

ಬಾಳೆಹಣ್ಣು ಹೆಪ್ಪುಗಟ್ಟಿಸಿ ಹಾಕಿ ನೋಡಿದೆ. ದಪ್ಪ ಅಮೋಘ, ರುಚಿ ಮಾತ್ರ ಕೆಮ್ಮಿನ ಔಷಧಿ. ಗಟ್ಟಿ ಮೊಸರು ಹಾಕಿದ್ದು ನೇರ ಪುದೀನ ಮಜ್ಜಿಗೆಯಾಯಿತು, ಒಗ್ಗರಣೆಯೊಂದು ಬಾಕಿ. ಕಾಟೇಜ್ ಚೀಸ್ ಪರವಾಗಿಲ್ಲ, ಪ್ರೋಟೀನ್ ಬೇಕಾದವರು ಕಾಲು ಕಪ್ ಹಾಕಲಿ, ಅದರಲ್ಲೇ ಉಪ್ಪಿರುವುದರಿಂದ ಚಿಟಿಕೆ ಉಪ್ಪು ಬಿಡಬೇಕು. ಕಾಮಕಸ್ತೂರಿ ಬೀಜ ನೆನೆಸಿ ಹಾಕಿದ್ದೂ ಉಂಟು, ಮಕ್ಕಳಿಗೆ ಇಷ್ಟವಾಯಿತು, ಸ್ಟ್ರಾಗೆ ಆಗಲಿಲ್ಲ.

ಮಿಕ್ಸಿಯಲ್ಲಿ ಮಾಡುವವರಿಗೆ: ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ವಾಸನೆ ಕುಡಿಯುತ್ತೆ. ಬೆಳ್ಳುಳ್ಳಿ ಅರೆದ ಜಾರಾದರೆ ಶೇಕ್ ಕೆಡುತ್ತೆ, ಶೇಕ್ ಮಾಡಿದ ಜಾರಾದರೆ ಮಾರನೇ ದಿನದ ಕಾಯಿಚಟ್ನಿ ಟೂತ್‌ಪೇಸ್ಟ್ ಘಮಘಮ ಅನ್ನುತ್ತೆ. ಅಡುಗೆ ಸೋಡಾ ನೀರಲ್ಲಿ ರಾತ್ರಿ ನೆನೆಸಿದರೂ ಪೂರ್ತಿ ಹೋಗಲಿಲ್ಲ. ಮೂರು ಡಾಲರಿಗೆ ಬೇರೆ ಗ್ಯಾಸ್ಕೆಟ್ ತಂದು, ಕೆಂಪು ದಾರ ಕಟ್ಟಿ ಇಟ್ಟಿದ್ದೀನಿ.