ಸಾರಿಸ್ಸಾ ನೆಟ್ಟಗಿರಬೇಕಾದರೆ ತಂತಿಯೇ ಬೇಕು

ಮೇಜಿನ ಮೇಲೆ ಯುದ್ಧದಾಟ ಆಡಲು ಬಳಸುವ 28 ಮಿ.ಮೀ. ಎತ್ತರದ ಲೋಹದ ಸೈನಿಕ ಬೊಂಬೆಯ ಕೈಯಲ್ಲಿ ಎರಕದಲ್ಲೇ ಬಂದ ಈಟಿ ಇದ್ದರೆ ಅದು ಬಾಗುತ್ತದೆ. ಪೆಟ್ಟಿಗೆಯಿಂದ ತೆಗೆದರೂ ಬಾಗುತ್ತದೆ, ನೆಟ್ಟಗೆ ಮಾಡಿಟ್ಟರೂ ಮತ್ತೆ ಬಾಗುತ್ತದೆ, ಕೊನೆಗೊಮ್ಮೆ ಮುಷ್ಟಿಯ ಪಕ್ಕದಲ್ಲೇ ಮುರಿಯುತ್ತದೆ. ಈ ಬೊಂಬೆಗಳ ಲೋಹ ತವರದ ಮಿಶ್ರಣ, ಹಳೆಯವುಗಳಲ್ಲಿ ಸೀಸವೂ ಜಾಸ್ತಿ ಇರುತ್ತದೆ. ತುಂಬಾ ಮೆದು. ಮೇಲಾಗಿ, ತಿರುಗುವ ರಬ್ಬರ್ ಅಚ್ಚಿನಲ್ಲಿ ಸಣ್ಣ ಕಾಲುವೆಯ ತುದಿ ಮುಟ್ಟುವ ಮೊದಲೇ ಲೋಹ ಗಟ್ಟಿಯಾಗಿಬಿಡುತ್ತದೆ. ಅದಕ್ಕೇ ಎರಕದ ಈಟಿ ದಪ್ಪಗೆ, ಗಿಡ್ಡಗೆ ಇರುತ್ತದೆ.

ಬೇರೆ ಸೈನ್ಯಗಳಲ್ಲಾದರೆ ಹೇಗೋ ನಡೆಯುತ್ತದೆ. ಅಲೆಕ್ಸಾಂಡರ್ ಕಾಲದ ಮ್ಯಾಸಿಡೋನಿಯಾದ ಒತ್ತೊತ್ತು ಸಾಲಿನ ಕಾಲಾಳು ಪಡೆ, ಅಂದರೆ ಫಲಾಂಕ್ಸ್‌ನಲ್ಲಿ ಖಂಡಿತ ನಡೆಯುವುದಿಲ್ಲ. ಆ ಪಡೆಯ ಜೀವವೇ ಸಾರಿಸ್ಸಾ ಎಂಬ ಉದ್ದನೆಯ ಭರ್ಜಿ. ಅತಿ ಉದ್ದದ ಸಾರಿಸ್ಸಾ 12 ಮೊಳ ಎಂದು ಪ್ರಾಚೀನ ಗ್ರೀಕ್ ಲೇಖಕ ಥಿಯೋಫ್ರಾಸ್ಟಸ್ ಬರೆದಿದ್ದಾನೆ, ಅಂದರೆ ಸುಮಾರು ಐದೂವರೆ ಮೀಟರ್. 28 ಮಿ.ಮೀ. ಬೊಂಬೆಯನ್ನು 56ರಲ್ಲಿ ಒಂದು ಪಾಲು ಎಂದು ಲೆಕ್ಕ ಹಾಕಿದರೆ ಭರ್ಜಿ 98 ಮಿ.ಮೀ. ಇರಬೇಕು. ಬೊಂಬೆಯ ಎತ್ತರದ ಮೂರು ಪಟ್ಟಿಗಿಂತ ಜಾಸ್ತಿ! ಅದನ್ನು ಅರ್ಧಕ್ಕೆ ಇಳಿಸಿದರೆ ಗೌಗಮೇಲಾ ಯುದ್ಧದಲ್ಲಿ ಪರ್ಷಿಯನ್ನರನ್ನು ಗೆದ್ದ ಪಡೆ ಕೋಲು ಹಿಡಿದ ಕಾವಲುಗಾರರ ಗುಂಪಾಗುತ್ತದೆ. ಇಂಗ್ಲೆಂಡಿನಲ್ಲಿ ನಾನಿರುವ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಇಂಥ ಬೊಂಬೆ ಎರಕ ಹೊಯ್ಯುವ ಕಂಪನಿಗಳು ಎಷ್ಟಿವೆಯೆಂದರೆ ಈ ಪ್ರದೇಶಕ್ಕೆ 'ಲೆಡ್ ಬೆಲ್ಟ್' (ಸೀಸದ ಪಟ್ಟಿ) ಎಂಬ ಹೆಸರೇ ಬಿದ್ದಿದೆ. ಇಲ್ಲಿ ಎಷ್ಟೇ ಚೆಂದದ ಬೊಂಬೆ ಕೊಂಡರೂ ಭರ್ಜಿಯನ್ನು ಮಾತ್ರ ನಾನು ತಂತಿಯಲ್ಲೇ ಮಾಡುತ್ತೇನೆ.

ತಂತಿಯಲ್ಲಿ ಎರಡು ಬಗೆ. ಉಕ್ಕಿನ ಪಿಯಾನೋ ವೈರ್ ಬಾಗುವುದೇ ಇಲ್ಲ, ಆದರೆ ಅದಕ್ಕೆ ಅಲಗು ಬಡಿಯಲು ಆಗುವುದಿಲ್ಲ, ತುದಿ ಉಜ್ಜಿ ಚೂಪು ಮಾಡಬಹುದು ಅಷ್ಟೆ. ಹಿತ್ತಾಳೆ ಸ್ವಲ್ಪ ಮೆದು, ಸುತ್ತಿಗೆಯ ಮಾತು ಕೇಳುತ್ತದೆ. 28 ಮಿ.ಮೀ.ಗೆ ನನ್ನ ಆಯ್ಕೆ 0.8 ಮಿ.ಮೀ. ಹಿತ್ತಾಳೆ. ಲೆಕ್ಕದ ಪ್ರಕಾರ ಇದು ಒಂದಿಷ್ಟು ದಪ್ಪವೇ, ಆದರೂ ಕಣ್ಣಿಗೆ ಸರಿ ಕಾಣುತ್ತದೆ, ಕೈಗೆ ತಡೆಯುತ್ತದೆ. 15 ಮಿ.ಮೀ. ಬೊಂಬೆಗಳಿಗೆ 0.5 ಮಿ.ಮೀ. ಉಕ್ಕು, ಉದ್ದ 55 ಮಿ.ಮೀ. ಆ ಗಾತ್ರದಲ್ಲಿ ಅಲಗು ಯಾರಿಗೂ ಕಾಣುವುದಿಲ್ಲ. ಯಾವುದೇ ಆಗಲಿ, ಸುರುಳಿಯಲ್ಲಿ ಬರುವ ತಂತಿ ಬೇಡ. ನೇರ ತುಂಡುಗಳಲ್ಲೇ ಕೊಳ್ಳಿ. ಹಿತ್ತಾಳೆ ಸುರುಳಿಯೇ ಸಿಕ್ಕರೆ ಒಂದು ತುದಿಯನ್ನು ವೈಸ್‌ಗೆ ಬಿಗಿದು, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಜೋರಾಗಿ ಎಳೆಯಿರಿ. ಸ್ವಲ್ಪ ಹಿಗ್ಗಿ ನೇರವಾಗುತ್ತದೆ.

ಮೊದಲು ಹಳೆಯ ಈಟಿ ತೆಗೆಯಬೇಕು. ಮುಷ್ಟಿಗೆ ಒತ್ತಿ ಕಟ್ಟರ್ ಹಾಕಬೇಡಿ, ಅದರ ಒತ್ತಡಕ್ಕೆ ಬೆರಳುಗಳು ಚಪ್ಪಟೆಯಾಗುತ್ತವೆ. ಒಂದೆರಡು ಮಿ.ಮೀ. ಬಿಟ್ಟು ಕತ್ತರಿಸಿ, ಉಳಿದದ್ದನ್ನು ಸಣ್ಣ ಅರದಿಂದ ಉಜ್ಜಿ. ಉಜ್ಜಿದ ಪುಡಿಯಲ್ಲಿ ಸೀಸ ಇರಬಹುದು. ಆದ್ದರಿಂದ ಅಡುಗೆಮನೆಯ ಮೇಜು ಬೇಡ, ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬೇಡಿ.

ಈಗ ಮುಷ್ಟಿಗೆ ತೂತು. ಇಡೀ ಕೆಲಸ ನಿಂತಿರುವುದು ಇಲ್ಲೇ. ಕರೆಂಟ್ ಡ್ರಿಲ್ ಬೇಡ, ಬೆರಳಲ್ಲಿ ತಿರುಗಿಸುವ ಪಿನ್ ವೈಸ್ ಸಾಕು. 0.8 ತಂತಿಗೆ 0.9 ಬಿಟ್ ಹಾಕಿ. ಸೂಜಿಯಿಂದ ಮುಷ್ಟಿಯ ನಡುವೆ ಒಂದು ಗುಳಿ ಮಾಡಿಕೊಳ್ಳಿ, ಇಲ್ಲದಿದ್ದರೆ ಬಿಟ್ ಜಾರುತ್ತದೆ. ಬಿಟ್ಟಿಗೆ ಒಂದಿಷ್ಟು ಮೇಣ ಸವರಿ. ಮೂರ್ನಾಲ್ಕು ಸುತ್ತಿಗೊಮ್ಮೆ ಹೊರಗೆ ತೆಗೆದು ಚೂರು ಒರೆಸಿ. ಮೆದು ಲೋಹ ಬಿಟ್ಟಿಗೆ ಮೆತ್ತಿಕೊಳ್ಳುತ್ತದೆ, ಆಗ ಒತ್ತಿದರೆ ಬಿಟ್ ಒಳಗೇ ಮುರಿಯುತ್ತದೆ. ಒಂದೇ ಕಡೆಯಿಂದ ಪೂರ್ತಿ ಕೊರೆಯುವ ಬದಲು ಅರ್ಧ ಮೇಲಿನಿಂದ, ಅರ್ಧ ಕೆಳಗಿನಿಂದ ಕೊರೆಯಿರಿ. ಬೆರಳಿನ ಗೋಡೆ ಒಡೆಯುವ ಭಯ ಕಡಿಮೆ. ತೋಳಿನ ಹಿಂದೆ ಹೆಬ್ಬೆರಳು ಆನಿಸಿಟ್ಟರೆ ತೋಳು ಬಾಗುವುದಿಲ್ಲ.

ಸಾರಿಸ್ಸಾ ಹಿಡಿಯುವುದು ಎರಡು ಕೈಯಲ್ಲಿ, ಅಲ್ವಾ? ಎರಡೂ ತೂತುಗಳು ಒಂದೇ ಗೆರೆಯಲ್ಲಿ ಬರಬೇಕು. ಮುಂದಿನ ಕೈ ಮೊದಲು ಕೊರೆದು ತಂತಿ ತೂರಿಸಿ. ತಂತಿಯ ತುದಿ ಹಿಂದಿನ ಮುಷ್ಟಿಯ ನಡುವೆ ಬರುವ ಹಾಗೆ ತೋಳನ್ನು ನಿಧಾನವಾಗಿ, ಕೂದಲೆಳೆಯಷ್ಟೇ ಬಾಗಿಸಿ. ಅಲ್ಲಿ ಗುರುತು ಹಾಕಿ ಎರಡನೆಯದನ್ನು ಕೊರೆಯಿರಿ. ಮುಷ್ಟಿ ತೀರಾ ಸಣ್ಣದಿದ್ದರೆ ತೂತು ಬಿಟ್ಟುಬಿಡಿ. ಮುಷ್ಟಿಯನ್ನು ಉದ್ದಕ್ಕೆ ಅರದಿಂದ ಗೀರಿ ತೋಡು ಮಾಡಿ ತಂತಿ ಕೂರಿಸಿ, ಮೇಲೆ ಎಪಾಕ್ಸಿ ಪುಟ್ಟಿಯಲ್ಲಿ ಬೆರಳು ಮಾಡಿ. ಊರಲ್ಲಿ ಎಂ-ಸೀಲ್ ಸಿಗುತ್ತದೆ, ಒರಟಾದರೂ ಇಷ್ಟಕ್ಕೆ ನಡೆಯುತ್ತದೆ.

ಅಲಗಿನ ಕೆಲಸ ನನಗೆ ಬಲು ಇಷ್ಟ. ತಂತಿಯ ತುದಿಯನ್ನು ಗ್ಯಾಸ್ ಉರಿಯಲ್ಲಿ ಮಂಕು ಕೆಂಪಾಗುವವರೆಗೆ ಕಾಯಿಸಿ, ಆರಲು ಬಿಡಿ. ಹಿತ್ತಾಳೆ ಮೆದುವಾಗುತ್ತದೆ. ತುದಿಯ 5 ಮಿ.ಮೀ. ಭಾಗವನ್ನು ಸಪಾಟಾದ ಉಕ್ಕಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ತಂತಿ ಅಗಲವಾಗುತ್ತಾ ಮತ್ತೆ ಗಡುಸಾಗುತ್ತದೆ. ಬಿರುಕು ಬಿಡುವ ಮೊದಲೇ ನಿಲ್ಲಿಸಿ, ಅರದಿಂದ ಎಲೆಯ ಆಕಾರ ಕೊಡಿ. ತೀರಾ ಚೂಪು ಮಾಡಬೇಡಿ. ಆಡುವಾಗ ಎಲ್ಲರೂ ಬೊಂಬೆಗಳ ಮೇಲಿಂದಲೇ ಕೈ ಚಾಚುತ್ತಾರೆ. ಉಕ್ಕಿನ ತಂತಿ ಕತ್ತರಿಸುವಾಗ ಕನ್ನಡಕ ಹಾಕಲೇಬೇಕು, ತುಂಡು ಗುಂಡಿನಂತೆ ಹಾರುತ್ತದೆ. ಒಳ್ಳೆಯ ಕಟ್ಟರ್ ಅನ್ನು ಅದಕ್ಕೆ ಬಳಸಬೇಡಿ, ಬಾಯಿ ಹಲ್ಲುಹಲ್ಲಾಗುತ್ತದೆ.

ಅಂಟಿಸುವ ಮೊದಲು ತಂತಿಯನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ. ನುಣುಪು ಹಿತ್ತಾಳೆಗೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಮುಷ್ಟಿಯೊಳಗೆ ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ಒಂದು ಹನಿ ಸಾಕು. ಭರ್ಜಿಯ ಬುಡ ನೆಲ ಮುಟ್ಟುವ ಹಾಗಿದ್ದರೆ ಅಲ್ಲಿ ಅರಾಲ್ಡೈಟ್ ಹಾಕಿ. ಎರಡು ಕಡೆ ಹಿಡಿತ ಸಿಕ್ಕ ಭರ್ಜಿ ಸುಲಭಕ್ಕೆ ಕಳಚುವುದಿಲ್ಲ. ಬುಡಕ್ಕೂ ಲೋಹದ ಮೊನೆ ಇರುತ್ತಿತ್ತು. ಕಾಗದದ ಸಣ್ಣ ಪಟ್ಟಿ ಸುತ್ತಿ, ಗ್ಲೂ ಕುಡಿಸಿ, ಒಣಗಿದ ಮೇಲೆ ಅರದಿಂದ ಮೊನಚು ಮಾಡಿದರೆ ಆಯಿತು. ಆಮೇಲೆ ಪ್ರೈಮರ್. ಉಕ್ಕಿನ ತಂತಿಗಂತೂ ನೀರಿನ ಬಣ್ಣಕ್ಕೆ ಮೊದಲು ಇದು ಬೇಕೇ ಬೇಕು, ಇಲ್ಲದಿದ್ದರೆ ಒಳಗೊಳಗೇ ತುಕ್ಕು.

ಸಾಲು ಜೋಡಿಸುವಾಗ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಹೇಳಿದ್ದನ್ನು ನೆನಪಿಡಿ. ಮೊದಲ ಐದು ಸಾಲುಗಳ ಭರ್ಜಿ ಮುಂದಕ್ಕೆ ಚಾಚಿರುತ್ತಿದ್ದವು, ಹಿಂದಿನವರದು ಓರೆಯಾಗಿ ಮೇಲಕ್ಕೆ ಎತ್ತಿರುತ್ತಿದ್ದವು. ಗಾಜಿನ ಕಪಾಟಿನಲ್ಲಿ ಇಡಲು ಮಾಡುತ್ತಿದ್ದರೆ ಹಾಗೆಯೇ ಮಾಡಿ. ಆಡಲು ಮಾಡುತ್ತಿದ್ದರೆ ಮುಂದಿನ ಸಾಲುಗಳನ್ನೂ 45 ಡಿಗ್ರಿಗೆ ಎತ್ತಿ ಹಿಡಿಸಿ. ಇಲ್ಲವಾದರೆ ಆರೇಳು ಸೆಂಟಿಮೀಟರ್ ಹೊರಗೆ ಚಾಚಿದ ಭರ್ಜಿಗಳಿಂದಾಗಿ ಎದುರಾಳಿಯ ಬೊಂಬೆಗಳ ಅಡಿಹಲಗೆ, ಅಂದರೆ ಬೇಸ್, ನಿಮ್ಮ ಬೇಸ್‌ಗೆ ಬಂದು ತಾಗುವುದೇ ಇಲ್ಲ.