ಮೊದಲ ದಿನ ಮಷೀನ್ ಇಲ್ಲ, ಬರೀ ಮಾತು

ಕಲಬುರಗಿಯಲ್ಲಿ ನಾನು ಫಿಸಿಯೋ ಕ್ಲಿನಿಕ್ ತೆರೆದು 9 ವರ್ಷ ಆಯ್ತು. ಮೊದಲ ದಿನ ಯಾರಿಗೂ ಮಷೀನ್ ಹಚ್ಚುವುದಿಲ್ಲ. 25 ನಿಮಿಷ ಬರೀ ಕೇಳುವುದು, ಮುಟ್ಟಿ ನೋಡುವುದು. ಈ ಪದ್ಧತಿ ಶುರು ಮಾಡಿದಾಗ ಸೀನಿಯರ್ ಒಬ್ಬರು, "ಮಷೀನ್ ಹಚ್ಚಲಿಲ್ಲಂದ್ರ ಪೇಷಂಟ್ ಹೊಳ್ಳಿ ಬರಂಗಿಲ್ಲ ನೋಡು" ಅಂದಿದ್ದರು. ಆರು ತಿಂಗಳು ಅವರ ಮಾತೇ ನಿಜವಾಯಿತು. ತಿಂಗಳಿಗೆ 10-12 ಸಾವಿರ ಕಡಿಮೆ ಬಂತು. ಸಾಲ ಮಾಡಿ ತಂದ, ಬೆನ್ನು ಎಳೆಯುವ ಟ್ರಾಕ್ಷನ್ ಟೇಬಲ್ ಸುಮ್ನೆ ಬಿದ್ದಿತ್ತು.

ನಾನು ಈ ಹಠ ಹಿಡಿದದ್ದು ಅದಕ್ಕೂ ಮೊದಲು ಬಂದಿದ್ದ ಒಬ್ಬ ಹಮಾಲಣ್ಣನಿಂದ. ವಯಸ್ಸು ನಲವತ್ತರ ಆಸುಪಾಸು. ತೊಗರಿ ಚೀಲ ಹೊತ್ತು ಟೊಂಕ ಹಿಡಿದಿದೆ ಅಂತ ನಾನೇ ತೀರ್ಮಾನಿಸಿ 12 ಸಿಟಿಂಗ್ ಐಎಫ್‌ಟಿ (ನೋವಿಗೆ ಹಚ್ಚುವ ಕರೆಂಟ್ ಮಷೀನ್), ಟ್ರಾಕ್ಷನ್ ಕೊಟ್ಟೆ. ಸಿಟಿಂಗಿಗೆ 150 ರೂಪಾಯಿ. ನೋವು ಇಳಿಯಲೇ ಇಲ್ಲ. ಕೊನೆಗೆ ಅವರ ಹೆಂಡತಿ ಬಂದು, "ಸಂಜಿಗಿ ಮೈ ಬಿಸಿ ಆಗ್ತದ್ರಿ, ರಾತ್ರಿ ಅಂಗಿ ಎಲ್ಲಾ ತೊಯ್ತದ" ಅಂದರು. ಉಡದಾರ ನೋಡಿದೆ, ಸಡಿಲಾಗಿ ಜಾರುತ್ತಿತ್ತು. ಬೆನ್ನುಮೂಳೆ ಮೇಲೆ ಮೆಲ್ಲಗೆ ಬಡಿದರೆ ಒಂದೇ ಜಾಗದಲ್ಲಿ ಚೀರಿದರು. ಎಂಆರ್‌ಐ ಮಾಡಿಸಿದರೆ ಬೆನ್ನುಮೂಳೆ ಟಿಬಿ. ಆ ಮೂಳೆಯನ್ನು ನಾನು ಎಳೆದಿದ್ದೆ! 1,800 ರೂಪಾಯಿ ವಾಪಸ್ ಕೊಟ್ಟೆ. ಗುಳಿಗೆ ಮುಗಿಸಿ ಈಗ ಆರಾಮ ಇದ್ದಾರೆ.

ಹತ್ತಕ್ಕೆ ಎಷ್ಟು ನೋವು ಅಂತ ಕೇಳುವುದನ್ನೂ ಬಿಟ್ಟೆ. ಎಲ್ಲರೂ ಹತ್ತು ಅನ್ನುತ್ತಾರೆ. ನಮ್ಮ ಕಡೆ ಮಾತಿಗೇನು ಬರವೇ? "ಹಿಡ್ಕೊಂಡದ" ಅಂದವರ ನೋವು ಎದ್ದರೆ, ಬಗ್ಗಿದರೆ ಬದಲಾಗುತ್ತೆ. "ಉರೀತದ, ಇರಿವಿ ಹರದಂಗ, ಕರೆಂಟ್ ಹೊಡದಂಗ" ಅಂದರೆ ನರದ ಕಡೆ ನೋಡುತ್ತೇನೆ. ಇವತ್ತು ಭುಜ, ನಾಳೆ ಮೊಣಕಾಲು, ನಿದ್ದೆ ಇಲ್ಲ ಅಂದರೆ ದಾರಿಯೇ ಬೇರೆ. ಹುಡುಗರಿಗೆ ಮುಂಜಾನೆ ಅರ್ಧ ತಾಸಿಗಿಂತ ಜಾಸ್ತಿ ಬಿಗಿತ ಇದ್ದು, ಓಡಾಡಿದರೆ ಸಡಿಲಾದರೆ ಸಂಧಿವಾತದ ಡಾಕ್ಟರ ಹತ್ತಿರ ಕಳಿಸುತ್ತೇನೆ. ಒಂದೇ ಮೀನಖಂಡ ಬಾತು ಬಿಸಿ ಇದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಮಸಾಜಿನ ಮಾತೇ ಇಲ್ಲ.

ನರದ ನೋವು ಹೌದೋ ಅಲ್ಲವೋ ತಿಳಿಯಲು ಫ್ರಿಜ್‌ನಲ್ಲಿಟ್ಟ ಸ್ಟೀಲ್ ಚಮಚ ತಾಗಿಸಿಯೂ ನೋಡಿದೆ. ಮೇ ಬಿಸಿಲಲ್ಲಿ ಬಂದವರಿಗೆ ಎರಡೂ ಕಾಲಿಗೆ ಹಿತ ಅನಿಸಿತು. ಕೈಬಿಟ್ಟೆ. ಹತ್ತಿ ಸವರಿದರೆ ಸಾಕು.

ಹೋದ ಸಲ ತೊಗರಿ ರಾಶಿ ಹೊತ್ತಿಗೆ ಒಬ್ಬ ಅಕ್ಕ ಬಂದರು. ಕಾಲಿಗೆ ಕರೆಂಟ್ ನೋವು ಅಂದರು, ಅಷ್ಟೇ. ನಮ್ಮ ಸಹಾಯಕಿ ಅಕ್ಕ ಪಕ್ಕದಲ್ಲಿ ಕೂತು ಕೇಳಿದ ಮೇಲೆ ಗೊತ್ತಾಯಿತು: ಮುಂಜಾನೆಯಿಂದ ಮೂತ್ರ ಇಲ್ಲ, ಕೂರುವ ಜಾಗ ಮರಗಟ್ಟಿದೆ. ನಾನು ಕೇಳಿದ್ದರೆ ಅವರು ಹೇಳುತ್ತಲೇ ಇರಲಿಲ್ಲ. ಟೊಂಕದ ನರಗಳು ಒತ್ತಿಹೋಗಿರಬಹುದು ಅನ್ನುವ ಗುರುತು ಇದು, ತಡ ಮಾಡುವಂತಿಲ್ಲ. ಆಟೋದಲ್ಲಿ ನಾನೇ ಆಸ್ಪತ್ರೆಗೆ ಕರೆದೊಯ್ದೆ, ಅದೇ ರಾತ್ರಿ ಆಪರೇಷನ್ ಆಯ್ತು. ಈಗ ನಡೆಯುತ್ತಾರೆ. ಸಹಾಯಕಿ ಅಕ್ಕ ಆ ಪ್ರಶ್ನೆಯನ್ನು ಹೇಗೆ ಕೇಳುತ್ತಾರೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಎರಡು ವರ್ಷ ತಗೊಂಡು ರೂಢಿಸಿದ್ದು ಅದು.

ಈಗ ಮೊದಲ ದಿನಕ್ಕೆ 300 ತಗೊಳ್ಳುತ್ತೇನೆ. ಕೊಡುತ್ತಾರೆ, ಹೊಳ್ಳಿಯೂ ಬರುತ್ತಾರೆ. ಆ ಸೀನಿಯರ್ ಕೂಡ ತಮಗೆ ಗೊಂದಲವಾದವರನ್ನು ಕಳಿಸುತ್ತಾರೆ. ಟ್ರಾಕ್ಷನ್ ಟೇಬಲನ್ನು ಸುಮಾರು 14 ಸಾವಿರಕ್ಕೆ ಮಾರಿದೆ. ಆ ಜಾಗಕ್ಕೆ ಪರದೆ ಕಟ್ಟಿ ಎರಡು ಕುರ್ಚಿ ಹಾಕಿದ್ದೇನೆ. ಸಹಾಯಕಿ ಅಕ್ಕ ಅಲ್ಲೇ ಕೂತು ಕೇಳುತ್ತಾರೆ.